ಮುಚ್ಚಿದ ಕಾಟಾದ ಮುಂದೆ ನಾಲ್ಕು ವರ್ಷ

ರಾಯಬಾಗದಲ್ಲಿ ತಹಶೀಲ್ದಾರ ಕಚೇರಿಯ ಎದುರು ನನ್ನದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇದೆ. ಇಪ್ಪತ್ತೊಂದು ವರ್ಷದಿಂದ ಜನರ ಕಷ್ಟವನ್ನು ‘ಮಾನ್ಯರೇ’ ಎಂದು ಶುರು ಮಾಡಿ ‘ತಮ್ಮ ವಿಶ್ವಾಸಿ’ ಎಂದು ಮುಗಿಸುವುದು ನನ್ನ ಕೆಲಸ. ಎದುರಿಗೆ ಮನೀಷಾಬಾಯಿ ಅನ್ನುತ್ತಾರೆ. ಬೆನ್ನ ಹಿಂದೆ ನಾಲಗೆ ಉದ್ದ ಅನ್ನುತ್ತಾರೆ, ಅದೂ ಗೊತ್ತಿದೆ. ನಾಲಗೆ ಉದ್ದ ಇಲ್ಲದಿದ್ದರೆ ಸರ್ಕಾರಿ ಕಚೇರಿಯ ಎದುರು ಹೆಂಗಸೊಬ್ಬಳು ಅಂಗಡಿ ನಡೆಸಲು ಆಗುವುದಿಲ್ಲ.

ಮಲಕಾರಿ ಅಣ್ಣ ಆ ನೋಟಿಸು ಹಿಡಿದುಕೊಂಡು ಬಂದದ್ದು ಹೋದ ವರ್ಷ ಯುಗಾದಿ ಮುಗಿದ ವಾರ. ನನ್ನ ತವರೂರಿನವನು, ನಮ್ಮ ಓಣಿಯವನು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದ.

“ತಂಗಿ, ಕಾರ್ಖಾನ್ಯಾಗಿಂದ ಬಂದೈತಿ. ನನ್ನ ಗ್ರ್ಯಾಚುಟಿದ ಇರಬೇಕು. ಓದಿ ಹೇಳು,” ಎಂದ.

ಓದಿದೆ. ರಿಟೈರ್ ಆದಾಗ ಸಿಗಬೇಕಿದ್ದ ಗ್ರ್ಯಾಚುಟಿಯ ಮಾತೇ ಅದರಲ್ಲಿ ಇರಲಿಲ್ಲ. ‘ನೀವು ಹಂಗಾಮಿ ಕಾರ್ಮಿಕರಾಗಿದ್ದರೂ 2019ರಿಂದ 2022ರವರೆಗೆ ಹಂಗಾಮು ಇಲ್ಲದ ತಿಂಗಳುಗಳಲ್ಲಿ ನಿಮಗೆ ಕಾಯಂ ಕಾರ್ಮಿಕರಂತೆ ಪೂರ್ತಿ ಪಗಾರ ಜಮಾ ಆಗಿದೆ. ಕಂಪ್ಯೂಟರ್ ನೋಂದಣಿಯ ತಪ್ಪಿನಿಂದ ಹೆಚ್ಚುವರಿಯಾಗಿ ಪಡೆದ ರೂ. 2,12,640 ಅನ್ನು ಮೂವತ್ತು ದಿನದೊಳಗೆ ಮರಳಿ ತುಂಬತಕ್ಕದ್ದು.’

ಎರಡು ಸಲ ಓದಿ ಹೇಳಿದೆ. ಅವನು ಕುರ್ಚಿಯ ಅಂಚಿಗೆ ಬಂದು ಕೂತ. ರೊಕ್ಕದ ಬಗ್ಗೆ ಕೇಳುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು ಬೇರೆ.

“ಹಂಗಾಮಿ ಅಂತ ಬರದಾರೇನ? ನಾ ಪರ್ಮನಂಟ್ ಅದೀನಿ!”

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮಲಕಾರಿ ಅಣ್ಣ ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಇಪ್ಪತ್ತೆಂಟು ಸೀಜನ್ ಕೆಲಸ ಮಾಡಿದವನು. ಕಾಟಾ ಅಂದರೆ ಕಬ್ಬಿನ ಟ್ರ್ಯಾಕ್ಟರು, ಲಾರಿ ನಿಲ್ಲಿಸಿ ತೂಗುವ ಜಾಗ. ಗಾಲಿ ಎಲ್ಲಿ ನಿಲ್ಲಬೇಕು ಅಂತ ಸೀಟಿ ಊದಿ ಹೇಳುವುದು, ಡ್ರೈವರುಗಳ ಜಗಳ ಬಿಡಿಸುವುದು, ತೂಕದ ಚೀಟಿ ಕೊಡುವುದು ಅವನ ಕೆಲಸ. ದೀಪಾವಳಿಯ ಆಚೀಚೆ ಕಾರ್ಖಾನೆ ಶುರುವಾದರೆ ಯುಗಾದಿಯ ಹೊತ್ತಿಗೆ ಬಂದ್. ಸೀಜನದವರು ಮನೆಗೆ ಹೋಗಬೇಕು, ಮುಂದಿನ ಸೀಜನಕ್ಕೆ ಮರಳಿ ಬರಲಿ ಅಂತ ಆ ತಿಂಗಳುಗಳಿಗೆ ಅರ್ಧ ಪಗಾರ ಕೊಡುತ್ತಾರೆ. ಪರ್ಮನಂಟ್ ಆದವನಿಗೆ ವರ್ಷವಿಡೀ ಕೆಲಸ, ವರ್ಷವಿಡೀ ಪಗಾರ. ನಮ್ಮ ಕಡೆ ಕನ್ಯೆ ಕೊಡುವವರು ಮೊದಲು ಕೇಳುವುದು ಇದನ್ನೇ. ಹುಡುಗನ ಅಪ್ಪ ಸೀಜನೋ, ಪರ್ಮನಂಟೋ?

2018ರಲ್ಲಿ ಕಾರ್ಖಾನೆಯ ಆಡಳಿತ ಮಂಡಳಿಯ ಇಲೆಕ್ಷನ್ ಬಂತು. ಮಲಕಾರಿ ಅಣ್ಣನ ಹೆಸರಲ್ಲಿ ಒಂದು ಶೇರು ಇತ್ತು, ಅಂದರೆ ಒಂದು ಓಟು. ಡೈರೆಕ್ಟರ್ ಸಾಹೇಬರು ಮನೆಗೇ ಬಂದರು. ಅವನ ಹೆಂಡತಿ ಸತ್ತೆವ್ವ ಮಾಡಿದ ಚಹಾ ಕುಡಿದರು, ಅವನ ಹೆಗಲ ಮೇಲೆ ಕೈ ಇಟ್ಟು, “ಮಲಕಾರಿ, ಮುಂದಿನ ಸೀಜನಕ್ಕ ನೀ ಪರ್ಮನಂಟ್ ಅಂತ ತಿಳಕೋ,” ಅಂದರು. ಇಲೆಕ್ಷನ್ನಿನಲ್ಲಿ ಹೆಗಲ ಮೇಲಿಟ್ಟ ಕೈಗೆ ಎಷ್ಟು ಬೆಲೆ ಅಂತ ಉಳಿದವರಿಗೆಲ್ಲ ಗೊತ್ತು. ಇವನು ಮಾತ್ರ ಅದನ್ನು ಆರ್ಡರ್ ಅಂತ ತಿಳಿದುಕೊಂಡ.

ದೇವರ ಆಟವೋ ಕಂಪ್ಯೂಟರಿನ ಆಟವೋ, ಮರುವರ್ಷ ಕಾರ್ಖಾನೆ ಬಂದ್ ಆದ ಮೇಲೂ ಇವನ ಖಾತೆಗೆ ಪೂರ್ತಿ ಪಗಾರ ಬಿತ್ತು. ಮುಂದಿನ ತಿಂಗಳೂ ಬಿತ್ತು. ಅಣ್ಣ ಓಣಿಗೆಲ್ಲ ಪೇಢೆ ಹಂಚಿದ. ನಮ್ಮ ಮನೆಗೂ ಎರಡು ಬಂದಿದ್ದವು, ನಾನೂ ತಿಂದೆ.

ಬೇರೆ ಯಾರಾದರೂ ಆಗಿದ್ದರೆ ಮನೆಯಲ್ಲಿ ಕೂತು ಪಗಾರ ತಿನ್ನುತ್ತಿದ್ದರು. ಇವನಿಗೆ ಅದು ಆಗಲಿಲ್ಲ. ಹಾಜರಿ ಬರೆಯುವ ಟೈಮ್ ಆಫೀಸಿಗೆ ಹೋಗಿ “ನನ್ನ ಕೆಲಸ ಏನ್ರಿ?” ಅಂತ ಕೇಳಿದ. ಅಲ್ಲಿದ್ದವನು ಮೊಬೈಲಿನಿಂದ ತಲೆ ಎತ್ತದೆ, “ಬೇಕಾದಾಗ ಕರೀತೀವಿ, ಹೋಗ್ರಿ,” ಅಂದ. ಪೂರ್ತಿ ಪಗಾರ ತಗೊಂಡು ಮನೆಯಲ್ಲಿ ಇರುವುದು ಹೇಗೆ? ಮರುದಿನದಿಂದ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು, ಸೈಕಲ್ ತುಳಿದುಕೊಂಡು ಮುಚ್ಚಿದ ಕಾಟಾಕ್ಕೆ ಹೋಗತೊಡಗಿದ. ಗುರುತಿನ ಚೀಟಿ ಇತ್ತು, ಗೇಟಿನವರು ತಡೆಯಲಿಲ್ಲ. ಕ್ಯಾಬಿನ್ ಒರೆಸುವುದು, ಕಾಟಾದ ಕೆಳಗೆ ಸೇರಿದ ಮಣ್ಣು ತೆಗೆಯುವುದು, ಕೀಲಿಗೆ ಗ್ರೀಸ್ ಹಚ್ಚುವುದು, ಮಧ್ಯಾಹ್ನ ಬುತ್ತಿ ಉಣ್ಣುವುದು, ಐದಕ್ಕೆ ಮನೆಗೆ. ಹಾಜರಿ ಬುಕ್ಕಿನಲ್ಲಿ ಸಹಿ ಇಲ್ಲ. ಕರೆದವರಿಲ್ಲ, ಬೇಡ ಅಂದವರೂ ಇಲ್ಲ.

ಹೀಗೆ ನಾಲ್ಕು ವರ್ಷ, ರಿಟೈರ್ ಆಗುವ ತನಕ. ಲಾಕ್‌ಡೌನಿನಲ್ಲೂ ಹೋದ. ದಾರಿಯಲ್ಲಿ ಪೊಲೀಸರು ಮೊಣಕಾಲಿಗೆ ಎರಡು ಬಿಟ್ಟರೆ ಗುರುತಿನ ಚೀಟಿ ತೋರಿಸಿ “ಪರ್ಮನಂಟ್ ಅದೀನ್ರಿ ಸಾಹೇಬ್ರ” ಅಂದನಂತೆ. ಆಗ ಈ ಕಥೆ ಹೇಳಿ ನಾವೆಲ್ಲ ನಕ್ಕಿದ್ದೇವೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಅಂತ ಗಾದೆ ಹೇಳಿದವಳು ನಾನೇ. ಈಗ ಅದನ್ನು ನೆನೆಸಿಕೊಂಡರೆ ನನ್ನ ಉದ್ದ ನಾಲಗೆಯ ಮೇಲೆ ನನಗೇ ಸಿಟ್ಟು ಬರುತ್ತದೆ.

ನೋಟಿಸನ್ನು ವಕೀಲ ಸಂಗ್ರಾಮನಿಗೆ ತೋರಿಸಿದೆ. ನನ್ನ ಅಂಗಡಿಯ ಪಕ್ಕದ ಖೋಲಿಯಲ್ಲೇ ಕೂರುತ್ತಾನೆ.

“ರಿಟೈರ್ ಆದ ಬಡ ಕಾರ್ಮಿಕನ ಕಡಿಂದ, ತಾವು ಮಾಡಿದ ತಪ್ಪಿಗೆ ವಸೂಲಿ ಮಾಡೋದು ಅವರಿಗೂ ಸರಳ ಇಲ್ಲ,” ಅಂದ. “ಆದ್ರ ಇವ್ರು ಆ ದಿವಸ ಖರೇನ ಕೆಲಸ ಮಾಡ್ಯಾರ ಅಂತ ನೋಡಿದವ್ರು ಒಬ್ಬರು ಬರದು ಕೊಟ್ರ ಕೇಸ್ ಗಟ್ಟಿ ಆಕ್ಕೈತಿ. ಯಾರ ನೋಡ್ಯಾರ?”

ಮಲಕಾರಿ ಅಣ್ಣ, “ಕಾಮಣ್ಣ ನೋಡ್ಯಾನ್ರಿ,” ಅಂದ.

ಕಾಮಣ್ಣ ಅವನ ಜೊತೆಗಾರ. ಇಬ್ಬರೂ ಒಂದೇ ಸೀಜನಕ್ಕೆ ಸೇರಿದವರು, ಒಂದೇ ಡಬ್ಬಿಯಲ್ಲಿ ಉಂಡವರು. ಕಾಮಣ್ಣನ ಮನೆ ಕಾರ್ಖಾನೆಯ ಕಂಪೌಂಡಿಗೆ ಹತ್ತಿಯೇ ಇದೆ, ಕಾಟಾ ಅವನ ಅಂಗಳದಿಂದ ಕಾಣುತ್ತದೆ. ಆದರೆ ಇಬ್ಬರ ನಡುವೆ ಮಾತು ನಿಂತು ನಾಲ್ಕು ವರ್ಷವಾಗಿತ್ತು. 2020ರ ದಸರಾ ಹೊತ್ತಿಗೆ ಹಳೆಯ ಸೀಜನದವರನ್ನೆಲ್ಲ ಪರ್ಮನಂಟ್ ಮಾಡಿ ಅಂತ ಕಾಮಣ್ಣ ಒಂದು ಅರ್ಜಿ ತಯಾರಿಸಿ ಸಹಿಗೆ ತಂದಿದ್ದ. ಮಲಕಾರಿ ಅಣ್ಣ ಸಹಿ ಹಾಕಲಿಲ್ಲ. ಹಾಕದಿದ್ದರೆ ಹೋಗಲಿ, ಮೇಲೊಂದು ಮಾತು ಸೇರಿಸಿದ.

“ಏನಂದಿದ್ದಿ ಅಣ್ಣ?” ಅಂತ ಕೇಳಿದೆ.

“ಸೀಜನದವರ ಕಾಗದಕ್ಕ ಪರ್ಮನಂಟ್ ಮನಶ್ಯಾನ ಸಹಿ ಯಾಕ ಬೇಕೋ ಅಂದೆ, ತಂಗಿ.” ಅವನ ಮುಖ ಕೆಂಪಾಗಿತ್ತು. “ನಾಕ ಮಂದಿ ಮುಂದ ಅಂದೆ.”

ಆ ಅರ್ಜಿಗೆ ಹತ್ತೊಂಬತ್ತು ಜನ ಸಹಿ ಹಾಕಿದ್ದರು. ಮರುವರ್ಷ ಕಾರ್ಖಾನೆಯವರು ರಾಜಿ ಮಾಡಿಕೊಂಡು ಹತ್ತೊಂಬತ್ತು ಜನರನ್ನೂ ಕಾಯಂ ಮಾಡಿದರು. ಸೇವೆಯ ಲೆಕ್ಕದಲ್ಲಿ ಮೊದಲ ಹೆಸರು ಮಲಕಾರಿ ಅಣ್ಣನದೇ ಇರಬೇಕಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇವನು ತಾನು ಉಂಡಾಗಿದೆ ಅಂತ ಎಲೆಯಿಂದ ಎದ್ದು ಬಂದಿದ್ದ.

“ಈಗ ಯಾವ ಮಾರಿ ಹೊತ್ಕೊಂಡು ಅವನ ಮನಿಗೆ ಹೋಗ್ಲಿ?” ಅಂದ.

“ಇದ ಮಾರಿ ಹೊತ್ಕೊಂಡು ಹೋಗು. ಎರಡು ಲಕ್ಷ ತುಂಬಾಕ ನಿನ್ನ ಹಂತ್ಯಾಕ ಬ್ಯಾರೆ ಮಾರಿ ಐತೇನು?” ಅಂತ ನಾನು ಗದರಿಸಿದೆ. ಹೋದ. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಸಂತೆಯ ದಿನ ಇಬ್ಬರೂ ನನ್ನ ಅಂಗಡಿಗೆ ಬಂದರು. ಒಬ್ಬರ ಹಿಂದೆ ಒಬ್ಬರು, ನಡುವೆ ನಾಲ್ಕು ಮಾರು ಬಿಟ್ಟು.

ಕಾಮಣ್ಣನದು ಇನ್ನೂ ಎಂಟು ತಿಂಗಳು ನೌಕರಿ ಬಾಕಿ ಇತ್ತು. ಕಾರ್ಖಾನೆಯ ವಿರುದ್ಧ ಬರೆದು ಕೊಟ್ಟರೆ ಏನಾದರೂ ಕಿರಿಕಿರಿ ಆದೀತು ಅಂತ ನಾನೇ ಎಚ್ಚರಿಸಿದೆ.

“ಆಗ್ಲಿ. ನೀವು ಟೈಪ್ ಮಾಡ್ರಿ,” ಅಂದ. “2019ರಿಂದ ನಾಕ ವರ್ಷ, ಕಾರ್ಖಾನಿ ಬಂದ್ ಇದ್ದಾಗ, ಐತವಾರ ಒಂದು ಬಿಟ್ಟು ದಿನಾ ಮಲಕಾರಿ ಕಾಟಾಕ್ಕ ಬರ್ತಿದ್ದ. ಕಸಾ ಹೊಡೀತಿದ್ದ, ಗ್ರೀಸ್ ಹಚ್ಚತಿದ್ದ. ನಾ ನಮ್ಮ ಅಂಗಳದಾಗ ನಿಂತು ಕಣ್ಣಾರೆ ನೋಡೇನಿ.”

ಟೈಪ್ ಮಾಡಿದೆ. ಅವನು ನಿಲ್ಲಿಸಲಿಲ್ಲ.

“ಇನ್ನೊಂದು ಬರೀರಿ. ಇವನ ಹೆಸರಿನ ಮ್ಯಾಲ ಆರ್ಡರ್ ಆಗಿಲ್ಲ, ಕಂಪ್ಯೂಟರ್ ತಪ್ಪಿಲೆ ಪಗಾರ ಬೀಳಾಕತ್ತೈತಿ ಅಂತ ನನಗ ಮೊದಲನೇ ವರ್ಷನ ಗೊತ್ತಿತ್ತು. ಟೈಮ್ ಆಫೀಸಿನವ್ರು ನಕ್ಕೋತ ಹೇಳಿದ್ರು.”

ನನ್ನ ಕೈ ನಿಂತಿತು. ಮಲಕಾರಿ ಅಣ್ಣ ಮೆಲ್ಲಗೆ ತಲೆ ಎತ್ತಿದ.

“ಸಹಿಗೆ ಬಂದಾಗೂ ಗೊತ್ತಿತ್ತೇನೋ?”

“ಗೊತ್ತಿತ್ತು. ಅದನ್ನ ಹೇಳಾಕಂತನ ಬಂದಿದ್ದೆ. ಲೇ, ನೀ ಇನ್ನೂ ಸೀಜನದಾಗ ಅದಿ, ಸುಮ್ಮನ ಸಹಿ ಹಾಕು ಅನ್ನಾಕ ಬಂದಿದ್ದೆ. ನೀ ನಾಕ ಮಂದಿ ಮುಂದ ಆ ಮಾತಂದಿ. ಕಾಗದ ಮಡಿಚಿ ಕಿಸೇದಾಗ ಇಟ್ಕೊಂಡೆ. ಇವಗ ಹೇಳಬಾರ್ದು, ಅನುಭವಿಸಲಿ ಅಂದ್ಕೊಂಡು ಹೊಳ್ಳಿ ಹೋದೆ.” ಕಾಮಣ್ಣ ಟವೆಲಿನಿಂದ ಮುಖ ಒರೆಸಿಕೊಂಡ. “ಆಮ್ಯಾಲೆ ದಿನಾ ನೋಡ್ತಿದ್ದೆ. ಖಾಕಿ ಹಾಕ್ಕೊಂಡು ಬರ್ತಿದ್ದಿ. ಮೊದ್ಲ ಮೊದ್ಲ ನಗು ಬರ್ತಿತ್ತು. ಆಮ್ಯಾಲೆ ಬರ್ಲಿಲ್ಲ. ಆದ್ರೂ ಹೇಳ್ಲಿಲ್ಲ.”

ಮಲಕಾರಿ ಅಣ್ಣ ಸಿಟ್ಟಿಗೇಳುತ್ತಾನೆ ಅಂದುಕೊಂಡೆ. ಏಳಲಿಲ್ಲ.

“ನೀ ಹೇಳಿದ್ರೂ ನಾ ನಂಬ್ತಿದ್ದಿಲ್ಲ ಬಿಡೋ,” ಅಂದ.

“ನಂಬೂದು ಬಿಡೂದು ನಿಂದಿತ್ತು. ಹೇಳೂದು ನಂದಿತ್ತಲ್ಲ?”

ಅವರಿಬ್ಬರಿಗೂ ನಾನು ಒಂದು ಮಾತು ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ. ಆ ಅರ್ಜಿಯನ್ನು ಟೈಪ್ ಮಾಡಿದವಳು ನಾನೇ. ಮೊದಲ ದಿನ ಕಾಮಣ್ಣ ಬರೆಸಿದ್ದು ಇಪ್ಪತ್ತು ಹೆಸರು, ಮೊದಲನೆಯದು ಮಲಕಾರಿ. ಎರಡು ದಿನ ಬಿಟ್ಟು ಬಂದು, ಮೊದಲಿನ ಹೆಸರು ತೆಗೆಯಿರಿ ಅಂದ. ಯಾಕೆ ಅಂತ ಕೇಳಲಿಲ್ಲ. ಜಗತ್ತಿನ ಎಲ್ಲದರಲ್ಲೂ ಮೂಗು ತೂರಿಸುವ ನಾನು, ಅವತ್ತು ಅಂಗಡಿಯಲ್ಲಿ ಗಿರಾಕಿ ಜಾಸ್ತಿ ಇದ್ದರು ಅಂತ, ಹೆಸರನ್ನು ಅಳಿಸಿ ಹೊಸ ಪ್ರಿಂಟ್ ತೆಗೆದು ಕೊಟ್ಟೆ. ಓಣಿಯಲ್ಲಿ ಪೇಢೆ ತಿಂದವಳು ಒಂದು ಸಲ ಅವನ ಮನೆಗೆ ಹೋಗಿ, “ಅಣ್ಣ, ನಿನ್ನ ಆರ್ಡರ್ ಕಾಪಿ ಎಲ್ಲೈತಿ, ತೋರಿಸು,” ಅಂದಿದ್ದರೆ ಸಾಕಿತ್ತು. ದಿನಾ ನೂರು ಜನರಿಗೆ ಆರ್ಡರ್ ಕಾಪಿ ಇಟ್ಟುಕೊಳ್ಳಿ ಅಂತ ಬುದ್ಧಿ ಹೇಳುವವಳು ನಾನು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವನು ಹೇಳಿದ್ದಷ್ಟನ್ನೂ ಟೈಪ್ ಮಾಡಿದೆ, ಎರಡು ಹಾಳೆ ಆಯಿತು; ಕಾಮಣ್ಣ ಎರಡಕ್ಕೂ ಸಹಿ ಹಾಕಿದ. ಸಂಗ್ರಾಮ ಅದನ್ನು ತನ್ನ ಉತ್ತರದ ಜೊತೆ ಲಗತ್ತಿಸಿ ರಜಿಸ್ಟರ್ ಪೋಸ್ಟ್ ಮಾಡಿದ. ಫೀ ತಗೊಳ್ಳಲಿಲ್ಲ. ಟೈಪಿಂಗಿಗೆ ನಾನೂ ತಗೊಳ್ಳಲಿಲ್ಲ, ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ.

ಎರಡೂವರೆ ತಿಂಗಳ ಮೇಲೆ ಕಾರ್ಖಾನೆಯಿಂದ ಉತ್ತರ ಬಂತು. ಅವತ್ತು ಸತ್ತೆವ್ವನ ಕಣ್ಣು ತೋರಿಸಲು ಗಂಡ ಹೆಂಡತಿ ಇಬ್ಬರೂ ರಾಯಬಾಗದ ದವಾಖಾನೆಗೆ ಬಂದಿದ್ದರು. ಬಸ್ಸಿಗೆ ಹೊತ್ತು ಇದೆ ಅಂತ ಅಂಗಡಿಗೆ ಬಂದು ಲಕೋಟೆ ಕೊಟ್ಟರು.

ಕಣ್ಣಾಡಿಸಿದೆ. ವಸೂಲಿ ಕೈಬಿಟ್ಟಿದ್ದರು. ಗ್ರ್ಯಾಚುಟಿಯನ್ನು ಹಂಗಾಮಿ ಲೆಕ್ಕದಲ್ಲಿ ಒಂದು ತಿಂಗಳೊಳಗೆ ಕೊಡುತ್ತೇವೆ ಅಂತ ಇತ್ತು. ನಡುವೆ ಒಂದು ಸಾಲು: ‘ಸದರಿಯವರು ಆಡಳಿತದಿಂದ ಯಾವುದೇ ಕರೆ ಇಲ್ಲದಿದ್ದರೂ ಸ್ವಇಚ್ಛೆಯಿಂದ ಹಾಜರಾಗುತ್ತಿದ್ದರು ಎಂಬುದನ್ನು ಪರಿಗಣಿಸಿ...’

ಆ ಸಾಲನ್ನು ಬಿಟ್ಟು ಉಳಿದದ್ದನ್ನು ಗಟ್ಟಿಯಾಗಿ ಓದಿದೆ. ರೊಕ್ಕ ತುಂಬಬೇಕಿಲ್ಲ ಅಂದಾಗ ಸತ್ತೆವ್ವ ಕೈ ಮುಗಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

“ಹಂಗಾರ ಇವ್ರು ಪರ್ಮನಂಟ್ ಇದ್ರು ಅಂತ ಬರದಾರೇನವಾ?”

ನಾನು ಮಲಕಾರಿ ಅಣ್ಣನನ್ನು ನೋಡಿದೆ. ಅವನು ಹೂಂ ಅಂದಿದ್ದರೆ ನಾನೂ ಹೂಂ ಅಂದುಬಿಡುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ.

“ಇಲ್ಲ,” ಅಂದ. “ನಾ ಸೀಜನದವನ. ಆ ನಾಕ ವರ್ಷ, ಕಾರ್ಖಾನಿ ಬಂದ್ ಇದ್ದಾಗ, ನನ್ನ ಯಾರೂ ಕೆಲಸಕ್ಕ ಕರದಿದ್ದಿಲ್ಲ. ನಾನ ಹೋಗ್ತಿದ್ದೆ.”

ಸತ್ತೆವ್ವ ಸೆರಗನ್ನು ಸರಿಮಾಡಿಕೊಂಡಳು. ಔಷಧಿ ಹಾಕಿದ ಕಣ್ಣಿನಿಂದ ಅವನ ಮುಖ ಅವಳಿಗೆ ಕಾಣುತ್ತಿತ್ತೋ ಇಲ್ಲವೋ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವ ಹಾಗೆ ಕೇಳಿದಳು.

“ನೀವು ಪೇಢೆ ಹಂಚಿದ ವರ್ಷ, ಮಹಾಪೂರ ಬಂದಾಗ ನಮ್ಮವ್ವ ಸತ್ಲು, ಮೂರು ದಿವಸಾನೂ ತುಂಬಿದ್ದಿಲ್ಲ, ರಜಾ ಇಲ್ಲ ಅಂತ ನನ್ನ ಒಬ್ಬಾಕಿನ್ನ ತವರಮನ್ಯಾಗ, ಉಗಾರ ಬುದ್ರುಕದಾಗ ಬಿಟ್ಟು ಬಂದ್ರೆಲ್ಲ. ಆವಾಗೂ ಯಾರೂ ಕರದಿದ್ದಿಲ್ಲೇನ್ರಿ?”

ಮಲಕಾರಿ ಅಣ್ಣ ಲಕೋಟೆಯನ್ನು ಮಡಿಚಿ ಕಿಸೆಯಲ್ಲಿ ಇಟ್ಟುಕೊಂಡು, “ಇಲ್ಲ,” ಅಂದ.