ಡೆಲ್ಮರ್ ಪ್ರಿಚೆಟ್‌ನ ಚಳಿಗಾಲದ ದಂಡಯಾತ್ರೆ
ಜನವರಿಯಲ್ಲಿ ನಮ್ಮ ಒಕ್ಲಹೋಮಾದ ಜಲಾಶಯದ ಮೇಲೆ ಹಬೆ ಏಳತೊಡಗಿತೆಂದರೆ ಡೆಲ್ಮರ್ ಪ್ರಿಚೆಟ್ ದಂಡಯಾತ್ರೆಗೆ ಹೊರಟನೆಂದೇ ಅರ್ಥ. ಎರಡು ಟೋಪಿ ಏರಿಸಿ, ಹೆಂಡತಿ ಬಿಸಾಡಲು ಇಟ್ಟಿದ್ದ ಕೋಟು ತೊಟ್ಟು, ಮಹಾರಥಿಯ ಹಾಗೆ ದೋಣಿ ಹತ್ತುತ್ತಾನೆ. ಪಟ್ಟೆ ಬಾಸ್ ಮೀನಿನ ಹಿಂಡು ಎಲ್ಲಿದೆಯೆಂದು ತೋರಿಸುವುದು ಚಳಿಗಾಲಕ್ಕೆ ಇಲ್ಲಿಗೆ ವಲಸೆ ಬಂದು ನೀರಿನ ಮೇಲೆ ಮುಗಿಬೀಳುವ ಕಡಲಹಕ್ಕಿಗಳು. ಅವನ್ನು ಕಂಡವನು ಇನ್ನೊಬ್ಬನಿಗೆ ನಿಜ ಹೇಳುವುದು ನಮ್ಮ ದೋಣಿಕಟ್ಟೆಯಲ್ಲಿ ಮಹಾಪಾಪ. ಡೆಲ್ಮರ್ ಅಂತೂ ಪಾದ್ರಿಗೇ ಸುಳ್ಳು ದಿಕ್ಕು ತೋರಿಸಿದವನು. ದೋಣಿ ತುಂಬ ಮೀನು ತಂದಾಗಲೂ "ಏನಿಲ್ಲ ಕಣಪ್ಪಾ, ಬರೀ ನೆಗಡಿ ಹಿಡ್ಕೊಂಡು ಬಂದೆ" ಅನ್ನುತ್ತಾನೆ. ಈ ವರ್ಷ ಮಾತ್ರ ಕಣ್ಣಿಗೆ ಪೊರೆ ಬಂದು ಅವನಿಗೆ ಹಕ್ಕಿಯೂ ಮೋಡವೂ ಒಂದೇ ಆಗಿವೆ. ಗೊತ್ತಾದರೆ ಹೆಂಡತಿ ದೋಣಿ ಮಾರಿಸುತ್ತಾಳೆಂದು ಯಾರ ಬಳಿಯೂ ಬಾಯಿ ಬಿಟ್ಟಿಲ್ಲ. ಮೊನ್ನೆ ಸೀಡರ್ ಗುಡ್ಡದಡಿ ಹಕ್ಕಿಗಳು ಮುತ್ತಿದ್ದರೆ, ಇವನು ಎದುರು ದಿಕ್ಕಿನ ಬರಿಯ ಆಕಾಶವನ್ನು ದಿಟ್ಟಿಸುತ್ತಿದ್ದ. ಅವನ ಹಳೆಯ ಎದುರಾಳಿ ಓರಿನ್ ಟ್ಯಾಕೆಟ್ ಪಕ್ಕದ ದೋಣಿಯಿಂದ ಇದನ್ನು ನೋಡಿದ. ಹಕ್ಕಿಗಳತ್ತ ಹೊರಟಿದ್ದ ತನ್ನ ದೋಣಿಯನ್ನು ನಿಲ್ಲಿಸಿ ಕೂಗಿದ: "ಲೋ ಮುದಿಯಾ, ಸೀಡರ್ ಗುಡ್ಡದ ಕಡೆ ಹೋಗ್ಬೇಡ. ಅಲ್ಲಿ ಒಂದು ಹಕ್ಕೀನೂ ಇಲ್ಲ." "ನಿನ್ನ ಯಾರು ಕೇಳಿದ್ರೋ" ಎಂದು ಗೊಣಗುತ್ತ ಡೆಲ್ಮರ್ ದೋಣಿಯನ್ನು ನೆಟ್ಟಗೆ ಸೀಡರ್ ಗುಡ್ಡದ ಕಡೆಗೆ ತಿರುಗಿಸಿದ.