ಹುಳದ ಮಾರಿ ನೋಡದೆ ಎಣ್ಣಿ ಕೊಡದವರು

ನಾನು ಶಾಲೆ ಬಿಟ್ಟದ್ದು ೨೦೦೧ರಲ್ಲಿ, ಏಳನೇ ಇಯತ್ತೆಯ ಅರ್ಧಕ್ಕೆ. ಅದನ್ನು ಮುಚ್ಚಿಟ್ಟುಕೊಂಡು ತಿರುಗಿದವನಲ್ಲ, ಅದಕ್ಕೇ ಮೊದಲ ಸಾಲಿನಲ್ಲಿ ಬರೆದಿದ್ದೇನೆ. ಆಮೇಲೆ ಕಲಿತದ್ದರಲ್ಲಿ ಮುಕ್ಕಾಲು ಪಾಲು ಒಂದು ಉಗುರಿನ ತುದಿಯಲ್ಲಿ ಕಲಿತದ್ದು. ಆ ಉಗುರು ಮಾನ್ವಿಯ ಎಣ್ಣಿ ಸಾವ್ಕಾರರದು. ಬಲಗೈ ಕಿರುಬೆರಳಿನದು, ಬೆಳ್ಳುಳ್ಳಿ ಎಸಳಿನ ಬಣ್ಣ, ತುದಿ ತುಸು ಒಳಕ್ಕೆ ಬಾಗಿದ್ದು. ಉಳಿದ ಉಗುರುಗಳನ್ನೆಲ್ಲ ಬುಡಮಟ ಕತ್ತರಿಸುತ್ತಿದ್ದರು. ಅದೊಂದಕ್ಕೆ ಮಾತ್ರ ಬ್ಲೇಡು ತೋರಿಸುತ್ತಿರಲಿಲ್ಲ. ಅದರಿಂದ ಹತ್ತಿಯ ಎಲೆಯನ್ನು ಮಗುಚಿ, ಬೆನ್ನಿಗಂಟಿದ ಹುಳವನ್ನು ಗಾಯವಾಗದಂತೆ ಎತ್ತಿ, ಗಾಜಿನ ಕೌಂಟರಿನ ಮೇಲೆ ಇಳಿಸುತ್ತಿದ್ದರು. ಹುಳ ತಾನು ಹೊಲ ಬಿಟ್ಟು ಊರಿಗೆ ಬಂದದ್ದೇ ಗೊತ್ತಿಲ್ಲದಂತೆ ನಡೆಯುತ್ತಿತ್ತು.

ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಕ್ಕೆ ಎಣ್ಣಿ ಎನ್ನುತ್ತಾರೆ, ಮುಖಕ್ಕೆ ಮಾರಿ ಎನ್ನುತ್ತಾರೆ. ಮಾನ್ವಿಯಲ್ಲಿ ಎಣ್ಣಿ ಅಂಗಡಿಗಳಿಗೆ ಬರಗಾಲವಿಲ್ಲ. ಆದರೆ ಈ ಸಾವ್ಕಾರರ ಅಂಗಡಿಗೆ ಒಂದು ಕಾನೂನಿತ್ತು. ರೈತ ಬರಿಗೈಯಲ್ಲಿ ಬಂದು "ಎಣ್ಣಿ ಕೊಡ್ರಿ" ಎಂದರೆ ಸಿಗುತ್ತಿರಲಿಲ್ಲ. ಎಲೆ ತರಬೇಕು, ಎಲೆಯ ಮೇಲೆ ಹುಳ ಇರಬೇಕು.

"ಹುಳದ ಮಾರಿ ನೋಡದ ಎಣ್ಣಿ ಕೊಡಂಗಿಲ್ಲ ನೋಡಪಾ."

"ಎಲಿ ಮುರುಟ್ಯಾವ್ರೀ ಸಾವ್ಕಾರ್ರ, ಬಾಜೂ ಹೊಲದವ ಹೊಡದಾನ."

"ಬಾಜೂ ಹೊಲದವಗ ಜ್ವರ ಬಂದ್ರ ನೀ ಗುಳಿಗಿ ನುಂಗ್ತೀಯೇನು? ಹೋಗು, ಎಲಿ ತಗೊಂಡು ಬಾ."

ಬೈದುಕೊಂಡು ಹೋದವರು ಮರುದಿನ ಬೆಂಕಿಪೊಟ್ಟಣದಲ್ಲೋ ರುಮಾಲಿನ ತುದಿಯಲ್ಲೋ ಹುಳ ಕಟ್ಟಿಕೊಂಡು ಬರುತ್ತಿದ್ದರು. ಹಣೆಯ ತುಂಬ ವಿಭೂತಿ ಬಳಿದುಕೊಂಡು ಅಷ್ಟೊಂದು ವಿಷದ ನಡುವೆ ಕೂತ ಆ ಮನುಷ್ಯ ಹತ್ತು ಜನರಲ್ಲಿ ನಾಲ್ವರನ್ನು ಏನೂ ಕೊಡದೆ ವಾಪಸು ಕಳಿಸುತ್ತಿದ್ದರು. "ಇದಕ್ಕ ಏನೂ ಬ್ಯಾಡ. ನಾಕು ದಿನ ತಡಿ, ತಾನ ಹೋಗ್ತದ."

ನಾನು ದೇವದುರ್ಗದ ಕಡೆಯವನು. ನಮ್ಮಪ್ಪ ಅವ್ವ ಕಂಡವರ ಹೊಲದಲ್ಲಿ ದುಡಿದವರು. ಶಾಲೆ ಬಿಟ್ಟ ಮೇಲೆ ರಾಯಚೂರಿನ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿ ಅಂಡಿಗೆ ಹೊತ್ತೆ. ಮದುವೆಗಳಲ್ಲಿ ವಿಡಿಯೋದವರ ಲೈಟು ಹಿಡಿದೆ. ಕೊನೆಗೆ ನನ್ನದೇ ಕ್ಯಾಮೆರಾ, ನನ್ನದೇ ಸ್ಟುಡಿಯೋ ಎಂದು ಮಾನ್ವಿಗೆ ಬಂದು ಕೂತದ್ದು ಸಾವ್ಕಾರರ ಮಗ್ಗುಲ ಮಳಿಗೆಯಲ್ಲಿ. ಯಾರ ಮುಂದೆಯೂ ಕೈಚಾಚಿ ನಿಂತವನಲ್ಲ. ಅವರು ಚಹಾ ತರಿಸಿದರೆ ಮರುದಿನ ನಾನು ತರಿಸುತ್ತಿದ್ದೆ. ಅವರಿಗೆ ಅದು ತಿಳಿಯಿತು. "ಬಾಳ ಸೊಕ್ಕು ಅದ ನಿನಗ. ಇರಲಿ, ದುಡಿಯೋ ಮನಷಾಗ ಇರಬೇಕು" ಎಂದರು.

ಒಂದು ಮದುವೆಯಲ್ಲಿ ಅಕ್ಷತೆಯ ನೂಕುನುಗ್ಗಲಿಗೆ ನನ್ನ ಲೆನ್ಸು ಬಿದ್ದು, ಕ್ಯಾಮೆರಾಕ್ಕೆ ಕಚ್ಚಿಕೊಳ್ಳುವ ಅದರ ಹಲ್ಲು ಮುರಿಯಿತು. ಮರುದಿನ ಮಾರಿ ಸಣ್ಣ ಮಾಡಿಕೊಂಡು ಸಾವ್ಕಾರರ ಬೆಂಚಿನ ಮೇಲೆ ಕೂತು, ಅದನ್ನು ಹಿಂದುಮುಂದಾಗಿ ಹಿಡಿದು ನೋಡುತ್ತಿದ್ದೆ. ಕೌಂಟರಿನ ಮೇಲೆ ಯಾರೋ ತಂದಿಟ್ಟ ಮೆಣಸಿನ ಎಲೆಯಿತ್ತು. ಮುರಿದ ಕಡೆಯನ್ನು ಅದರ ಹತ್ತಿರ ಹಿಡಿದು ನೋಡಿದಾಗ ಆ ಎಲೆಯ ಮೇಲಿನ ಧೂಳಿಗೆ ಕಾಲು ಬಂದವು. ಧೂಳಲ್ಲ, ನುಸಿ. ನಡೆಯುತ್ತಿತ್ತು.

"ಸಾವ್ಕಾರ್ರ, ಇಲ್ಲಿ ನೋಡ್ರಿ."

ಅವರು ಲೆನ್ಸು ಕಸಿದುಕೊಂಡು ನೋಡಿದರು, ಬಹಳ ಹೊತ್ತು. ಆಮೇಲೆ ಕೇಳಿದ್ದು ಒಂದೇ: "ಇದರ ಫೋಟೋ ಬರ್ತದೇನು?"

ಸಣ್ಣದರ ಫೋಟೋ ತೆಗೆಯಲು ಬೇರೆಯೇ ಲೆನ್ಸು ಸಿಗುತ್ತದೆಂದು ನನಗೆ ಗೊತ್ತಿತ್ತು. ಅದು ನನ್ನ ಕೈಗೆ ನಿಲುಕುವಂಥದ್ದಲ್ಲ, ಇನ್ನೊಬ್ಬರಿಂದ ಕೊಡಿಸಿಕೊಳ್ಳುವವನು ನಾನಲ್ಲ. ಮುರಿದ ಲೆನ್ಸನ್ನೇ ಉಲ್ಟಾ ಕೂರಿಸುತ್ತೇನೆಂದೆ. ಕ್ಯಾಮೆರಾದ ಬಾಯಿ ಮುಚ್ಚುವ ಪ್ಲಾಸ್ಟಿಕ್ ಬಿಲ್ಲೆಗೆ ತೂತು ಕೊರೆದೆ. ಅದಕ್ಕೂ ಲೆನ್ಸಿಗೂ ನಡುವೆ ಒಂದು ಉಂಗುರ ಬೇಕಾಗಿತ್ತು. ಸಾವ್ಕಾರರು ಖಾಲಿ ಎಣ್ಣಿ ಡಬ್ಬಿಗಳನ್ನೆಲ್ಲ ಅಳತೆ ನೋಡಿ ಒಂದರ ಮುಚ್ಚಳ ತೆಗೆದರು, ಸೋಪು ಹಚ್ಚಿ ತೊಳೆದರು, ಮೂಸಿ ಮತ್ತೆ ತೊಳೆದರು, ತಲೆ ಕತ್ತರಿಸಿ ಉಂಗುರ ಮಾಡಿ ಕೊಟ್ಟರು. ಬೆಳಕು ಒಳಬರುವ ಕಿಂಡಿ ತೆರೆದೇ ಇರಲೆಂದು ಲೆನ್ಸಿನ ಹಿಂದಿನ ಸಣ್ಣ ಕಡ್ಡಿಗೆ ಬೆಂಕಿಕಡ್ಡಿಯ ಚೂರು ಸಿಗಿಸಿದೆ. ಫ್ಲಾಶಿನ ಮುಂದೆ ಹಾಲಿನ ಪಾಕೀಟು ಕಟ್ಟಿದೆ.

ಉಲ್ಟಾ ಲೆನ್ಸಿನಲ್ಲಿ ಏನನ್ನೂ ತಿರುಗಿಸಿ ಸ್ಪಷ್ಟ ಮಾಡಲು ಬರುವುದಿಲ್ಲ. ಹುಳದಿಂದ ನಾಲ್ಕು ಬೆರಳು ದೂರ ಹೋಗಿ, ನಮ್ಮ ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಬೇಕು. ಕಣ್ಣು ಸ್ಪಷ್ಟವಾದರೆ ಮೀಸೆ ಮಸುಕು, ಮೀಸೆ ಸ್ಪಷ್ಟವಾದರೆ ಕಣ್ಣು ಮಸುಕು. ಮೊದಲ ವಾರ ಒಂದೂ ಬರಲಿಲ್ಲ. ಗಾಳಿಗೆ ಎಲೆ ಅಲ್ಲಾಡುತ್ತಿತ್ತು, ಉಸಿರಿಗೆ ನಾನು ಅಲ್ಲಾಡುತ್ತಿದ್ದೆ. ದಾರಿ ತೋರಿಸಿದವರು ಸಾವ್ಕಾರರೇ. ಎಡಗೈಯಿಂದ ಗಿಡದ ದಂಟು ಹಿಡಿ, ಅದೇ ಕೈಯ ಮೇಲೆ ಲೆನ್ಸು ಕೂರಿಸು ಎಂದರು. "ಹುಳ ಅಲ್ಲಾಡಿದ್ರ ನೀನೂ ಅಲ್ಲಾಡ್ತಿ. ಇಬ್ರೂ ಒಂದ ಬಂಡ್ಯಾಗ ಕುಂತಂಗ." ನಿಜವಾಗಿಯೂ ಹಾಗೇ ಆಯಿತು.

ಆಮೇಲೆ ಮೂರು ಹಂಗಾಮು ನಾವು ಬೆಳಗಿನ ತಂಪಿನಲ್ಲಿ ಹೊಲ ತಿರುಗಿದೆವು. ಇಬ್ಬನಿ ಇರುವಾಗ ಹುಳಗಳು ಚಳಿಗೆ ಮೈ ಹಿಡಿದುಕೊಂಡು ಕೂತಿರುತ್ತವೆ. ನನ್ನ ಗಾಡಿಯ ಹಿಂದೆ ಧೋತರ ಎತ್ತಿ ಕಟ್ಟಿ ಕೂರುತ್ತಿದ್ದ ಸಾವ್ಕಾರರು ಹೊಲ ಬಂದೊಡನೆ ಚಪ್ಪಲಿ ಬಿಡುತ್ತಿದ್ದರು. ತೆಗೆದ ಚಿತ್ರಗಳನ್ನು ದೊಡ್ಡದಾಗಿ ಮಾಡಿಸಿ ಅಂಗಡಿಯ ಗೋಡೆಗೆ ಅಂಟಿಸಿದರು. ಕಂಪನಿಯವರ ಬಣ್ಣದ ಪೋಸ್ಟರುಗಳು ಕೆಳಗಿಳಿದವು. ನುಸಿ, ಗಿಡದ ರಸ ಹೀರುವ ಹೇನು, ಬಿಳಿನೊಣ ಒಂದು ಕಡೆ. ಅವುಗಳನ್ನು ತಿನ್ನುವ ಜೇಡ, ಕೆಂಪು ಬೆನ್ನಿಗೆ ಕರಿ ಚುಕ್ಕೆಯ ಗುಲಗಂಜಿ ಹುಳ ಇನ್ನೊಂದು ಕಡೆ. ಬೀಗರ ಫೋಟೋ ತೋರಿಸುವಂತೆ ರೈತರಿಗೆ ತೋರಿಸುತ್ತಿದ್ದರು. "ಈಕಿ ನೋಡು, ಗುಲಗಂಜಿ. ದಿನಾ ಹೇನು ತಿಂತಾಳ, ಕೂಲಿ ಕೇಳಂಗಿಲ್ಲ."

ಹತ್ತಿ ಬಿಡಿಸುವ ಕಾಲದಲ್ಲಿ ಒಂದು ತಮಾಷೆ ಆಯಿತು. ಜೇಡದ ಒಂದು ಚಿತ್ರವನ್ನು ಸಾವ್ಕಾರರು ಎದುರಿಗಿಟ್ಟುಕೊಂಡು ಎಣಿಸುತ್ತಲೇ ಇದ್ದರು.

"ಒಂಬತ್ತನೇ ಕಾಲು ಎಲ್ಲಿಂದ ಬಂತಲೇ?"

ಎಂಟು ಕಾಲಿನ ಪಕ್ಕ ಕಪ್ಪಗೆ, ಕೊಕ್ಕೆಯಂತೆ ಬಾಗಿದ ಒಂದು ಎಳೆ. ಹೊಸ ಜಾತಿಯೇ ಇರಬೇಕೆಂದು ಇಬ್ಬರೂ ಎರಡು ದಿನ ಖುಷಿಯಲ್ಲಿದ್ದೆವು. ಮೂರನೇ ದಿನ ಮಿಡತೆಗೂ ಅದೇ ಕಾಲು ಬಂತು. ಅಷ್ಟರಲ್ಲಿ ಒಂದು ಮದುವೆಯ ಚಿತ್ರ ನೋಡಿ ಮದುಮಗಳ ಅತ್ತೆ ಸ್ಟುಡಿಯೋಕ್ಕೇ ಬಂದಳು. "ಏನಪಾ, ನಮ್ಮ ಹುಡುಗಿಗೆ ಮೀಸಿ ಬರಿಸಿಬಿಟ್ಟೀಯಲ್ಲ?" ನೋಡಿದರೆ ಮೇಲ್ದುಟಿಯ ಮೇಲೆ ಅದೇ ಕೊಕ್ಕೆ.

ಹತ್ತಿ ಹೊಲದ ನಡುವೆ ನಿಂತು ಲೆನ್ಸು ಬಿಚ್ಚಿ ಉಲ್ಟಾ ಹಾಕುವಾಗ ಹತ್ತಿಯದೊಂದು ಎಳೆ ಕ್ಯಾಮೆರಾದ ಒಳಗೆ ಹೋಗಿ ಕೂತಿತ್ತು. ಏನನ್ನು ತೆಗೆದರೂ ಅದೇ ಜಾಗದಲ್ಲಿ ಕಪ್ಪಾಗಿ ಬೀಳುತ್ತಿತ್ತು. ರಬ್ಬರಿನ ಬುಡ್ಡಿಯಿಂದ ಊದಿದೆ, ಹಾರಿಹೋಯಿತು. ಸಾವ್ಕಾರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿಸಿ, ಕಣ್ಣು ಒರೆಸಿಕೊಳ್ಳುತ್ತ ಹೇಳಿದರು:

"ನನ್ನ ಕಣ್ಣಾಗೂ ಒಂದು ಎಳಿ ಅದನೋ. ಎತ್ತ ನೋಡಿದ್ರ ಅತ್ತ ಬರ್ತದ. ಅದನ್ನೂ ಅಟು ಊದಿಬಿಡು."

ನಾನು ಬುಡ್ಡಿಯನ್ನು ಅವರ ಮುಖಕ್ಕೆ ಹಿಡಿದು ಒಂದು ಸಲ ಒತ್ತಿದೆ. ಇಬ್ಬರೂ ಮತ್ತೆ ನಕ್ಕೆವು.

ಒಂದು ಎಳೆ ನಾಲ್ಕಾಯಿತು. ಆಮೇಲೆ ಜೇಡರಬಲೆಯಂತೆ ಹಬ್ಬಿತು. ಸಕ್ಕರೆ ಕಾಯಿಲೆ ಅವರಿಗೆ ಹಳೆಯದು. ರಾಯಚೂರಿನ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದವನು ನಾನೇ. ಒಳಗೆ ರಕ್ತ ಒಸರಿದೆ, ಲೇಸರ್ ಮಾಡೋಣ, ಆದರೆ ಹೋದದ್ದು ಬರುವುದಿಲ್ಲ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಸಾವ್ಕಾರರು ಒಂದು ಕಣ್ಣು ಮುಚ್ಚಿ ಹೊರಗೆ ನೋಡುತ್ತಿದ್ದರು, ಆಮೇಲೆ ಇನ್ನೊಂದು. ಕಲ್ಲೂರು ದಾಟಿದ ಮೇಲೆ ನೋಡುವುದನ್ನು ಬಿಟ್ಟರು.

"ಯಾರ ಮುಂದೂ ಹೇಳಬ್ಯಾಡ."

"ಯಾಕ್ರೀ?"

"ನಾ ನೋಡಿ ಕೊಡ್ತೀನಿ ಅಂತ ಬರ್ತಾರ ಮಂದಿ. ಕಾಣಂಗಿಲ್ಲ ಅಂದ್ರ ನನ್ನ ಅಂಗಡ್ಯಾಗ ಏನದ? ಬರೇ ವಿಷ ಅದ."

ನಾನು ಯಾರಿಗೂ ಹೇಳಲಿಲ್ಲ. ರೈತರು ತಂದ ಎಲೆಯನ್ನು ಅವರು "ಅಟು ಫೋಟೋ ತೆಗಿ" ಎಂದು ನನ್ನ ಕಡೆ ದಾಟಿಸುತ್ತಿದ್ದರು. ನಾನು ತೆಗೆದು, ಕಂಪ್ಯೂಟರಿನ ಪರದೆಯ ತುಂಬ ದೊಡ್ಡದು ಮಾಡುತ್ತಿದ್ದೆ. ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, ತಲೆ ಓರೆ ಮಾಡಿ, ಎಳೆಗಳ ಸಂದಿಯಿಂದ ನೋಡುತ್ತಿದ್ದರು. ಹುಳಗಳು ಆನೆಯಷ್ಟಾದವು. ಆದರೂ ತಿಂಗಳು ತಿಂಗಳಿಗೆ ಸಾಲದಾದವು.

ಒಂದು ದಿನ ನಾನು ದೇವದುರ್ಗದಲ್ಲಿ ಮದುವೆಗೆ ಹೋಗಿದ್ದೆ. ಹಿರೇಕೊಟ್ನೆಕಲ್ಲಿನ ರೈತನೊಬ್ಬ ಅಲಸಂದಿಯ ಎಲೆ ತಂದಿದ್ದ. ಅಂಗಡಿಯ ತುಂಬ ಜನ. ಸಾವ್ಕಾರರು ಉಗುರಿನಿಂದ ಎಲೆ ಮಗುಚಿದರು. ಕಪ್ಪಗೆ ಏನೋ ಹರಿದಂತೆ ಕಂಡಿರಬೇಕು. ಎಲ್ಲರೂ ನೋಡುತ್ತಿದ್ದರು. ಎಣ್ಣಿ ಕೊಟ್ಟರು.

ಮರುದಿನ ನಾನು ಬಂದಾಗ ಆ ಎಲೆ ಇನ್ನೂ ಕೌಂಟರಿನ ಮೇಲಿತ್ತು. ರೂಢಿಯಂತೆ ಚಿತ್ರ ತೆಗೆದೆ. ಪರದೆಯ ಮೇಲೆ ಬಂದದ್ದು ಕರಿ ಮೈ, ಬೆನ್ನ ಮೇಲೆ ಕಿತ್ತಳೆ ಚುಕ್ಕೆ, ಮೊಸಳೆಯ ಹಾಗೆ ಮುಳ್ಳು. ಬಾಯಲ್ಲಿ ಹಿಡಿದ ಹೇನನ್ನು ಇನ್ನೂ ಬಿಟ್ಟಿರಲಿಲ್ಲ.

"ಏನದ?" ಎಂದರು.

"ಗುಲಗಂಜಿ ಮರಿ ಅದ್ರೀ."

ಅವರು ಎದ್ದು ನಿಂತರು. ನಟ್ಟನಡು ಮಧ್ಯಾಹ್ನ ಶಟರು ಎಳೆದು, "ಗಾಡಿ ತೆಗಿ" ಎಂದರು.

ಹಿರೇಕೊಟ್ನೆಕಲ್ಲು ಮುಟ್ಟುವಷ್ಟರಲ್ಲಿ ಹೊಲದ ತುಂಬ ಎಣ್ಣಿಯ ವಾಸನೆ. ಬೆಳಿಗ್ಗೆಯೇ ಹೊಡೆದು ಮುಗಿಸಿದ್ದರು. ಸಾವ್ಕಾರರು ಚಪ್ಪಲಿ ಬಿಟ್ಟು ಸಾಲಿನೊಳಗೆ ಇಳಿದು ಕುಕ್ಕರಗಾಲಲ್ಲಿ ಕೂತರು. ಕಾಣದ ಕಣ್ಣಿಗೆ ಕೈಯೇ ಕಣ್ಣಾಗಿ, ಎಲೆಯಿಂದ ಎಲೆಗೆ ಬೆರಳು ಆಡಿಸಿದರು. ಬೆರಳಿಗೆ ತಾಗಿದ್ದೆಲ್ಲ ಉದುರುತ್ತಿತ್ತು.

ರೈತ ಗಾಬರಿಯಾದ. "ಬಿಡ್ರೀ ಸಾವ್ಕಾರ್ರ, ಹುಳನ ಅಲ್ರೀ ಸತ್ತದ್ದು?"

"ನಿನ್ನ ಹೊಲ ಕಾಯೋ ಆಳು ಇದ್ದವಪಾ ಅವು. ಆಳಿಗೆ ವಿಷ ಹಾಕೀನಿ ನಾನು."

ಕಣ್ಣಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ರೈತ ಅಯ್ಯೋ ಎಂದು ಸುಮ್ಮನಾಗುತ್ತಿದ್ದ. ನನ್ನ ಕಡೆ ತಿರುಗಿ, "ಸತ್ತವರ ಮಾರಿ ಫೋಟೋ ತೆಗಿ" ಎಂದರು. ತೆಗೆದೆ. 

ಮರುದಿನ ಬೆಳಿಗ್ಗೆ ಸಾವ್ಕಾರರು ಬೆಂಚಿನ ಮೇಲೆ ಕೂತು, ಬ್ಲೇಡಿನಿಂದ ಆ ಉಗುರನ್ನು ಕತ್ತರಿಸುತ್ತಿದ್ದರು. ಕಣ್ಣು ಕಾಣದೆ ಬೆರಳಿಗೆ ತುಸು ಗಾಯವೂ ಆಗಿತ್ತು. ನಾನು ಬ್ಲೇಡು ಇಸಿದುಕೊಳ್ಳಲು ಹೋದೆ, ಕೊಡಲಿಲ್ಲ. ಆ ವಾರವೇ ಅಂಗಡಿ ಬೇರೆಯವರಿಗೆ ಹೋಯಿತು. ಗೋಡೆಗೆ ಕಂಪನಿಯ ಪೋಸ್ಟರುಗಳು ಮತ್ತೆ ಬಂದವು.

ಆಮೇಲೆ ಅವರು ಕೂರುತ್ತಿದ್ದದ್ದು ನನ್ನ ಸ್ಟುಡಿಯೋದಲ್ಲಿ. ನಾನು ಒಬ್ಬನೇ ಹೊಲಕ್ಕೆ ಹೋಗಿ ಚಿತ್ರ ತೆಗೆದು ತರುತ್ತಿದ್ದೆ. "ಹೇಳು" ಎನ್ನುತ್ತಿದ್ದರು.

"ಮಿಡತಿ ಅದ್ರೀ. ಬಾಳ ಚಂದ ಅದ."

"ಚಂದ ಅದ ಅಂದ್ರ ನೀ ನೋಡಿಲ್ಲ ಅಂತ. ಮೀಸಿ ಎತ್ತ ಹೊಂಟದ? ಇಬ್ಬನಿ ಕಣ್ಣಿನ ಮ್ಯಾಲ ಅದೋ ಕೆಳಗ ಅದೋ?"

ನನಗೆ ಮತ್ತೆ ನೋಡಬೇಕಾಗುತ್ತಿತ್ತು. ನಾನೇ ತೆಗೆದ ಚಿತ್ರದಲ್ಲಿ ನಾನೇ ನೋಡದ್ದು ಎಷ್ಟೋ ಇರುತ್ತಿತ್ತು. ಒಂದೊಂದೇ ಹೇಳುತ್ತಿದ್ದೆ; ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ತೆರೆದರೂ ಮುಚ್ಚಿದರೂ ಒಂದೇ ಆದ ಮೇಲೆಯೂ ಮುಚ್ಚಿಯೇ ಕೇಳುತ್ತಿದ್ದರು.

ಕಾಯಿಲೆ ಕಿಡ್ನಿಗೆ ಇಳಿಯಿತು. ಹಾಸಿಗೆ ಹಿಡಿದಾಗ, ನಾನು ಹಿರೇಕೊಟ್ನೆಕಲ್ಲಿನ ಅದೇ ಹೊಲಕ್ಕೆ ಹೋಗಿ ಬಂದು ಅವರ ಮಂಚದ ಪಕ್ಕ ಕೂತೆ.

"ಬಂದಾವ್ರೀ ಸಾವ್ಕಾರ್ರ."

"ಯಾರು?"

"ಗುಲಗಂಜಿ ಮರಿ. ಅಲಸಂದಿ ತುದಿಮ್ಯಾಲ. ಕಿತ್ತಳಿ ಚುಕ್ಕಿ ಬೆನ್ನ ಮ್ಯಾಲ, ಒಂದು ತಲಿ ಕೆಳಗ ಮಾಡ್ಯದ, ಬಾಯಾಗ ಹೇನು ಅದ."

"ಅವ ಎಣ್ಣಿ ಹೊಡದಾನೇನು?"

"ಇಲ್ಲರೀ. ಮಾರಿ ನೋಡೀನಿ, ಹೊಡ್ಯಂಗಿಲ್ಲ ಅಂದ."

"ಹಂಗಾರ ಆತು" ಎಂದರು. ನನಗೆ ಅವರು ಹೇಳಿದ ಕೊನೆಯ ಮಾತು ಅದು.

ನಮ್ಮಲ್ಲಿ ತೀರಿಕೊಂಡ ಹಿರಿಯರನ್ನು ಗೋಡೆಗೊರಗಿಸಿ ಕೂರಿಸಿ, ಹೂಮಾಲೆ ಹಾಕಿ, ಮನೆಯವರೆಲ್ಲ ಸುತ್ತ ಕೂತು ಫೋಟೋ ತೆಗೆಸುತ್ತಾರೆ. ನನ್ನನ್ನು ಕರೆದರು. ವಿಭೂತಿ ಬಳಿದ ಮುಖ, ಮುಚ್ಚಿದ ಕಣ್ಣು, ಮಡಿಲಲ್ಲಿ ಬಲಗೈ. ಕಿರುಬೆರಳಿನ ಉಗುರು ತುಸು ಬೆಳೆದಿತ್ತು. ನಾಲ್ಕು ಬೆರಳು ದೂರದಿಂದ ನೋಡುವುದನ್ನು ಕಲಿಸಿದವರನ್ನು ನಾನು ಬಾಗಿಲಲ್ಲಿ ನಿಂತು ತೆಗೆದೆ. ಹತ್ತಿರ ಹೋಗಲು ಆಗಲಿಲ್ಲ.

ಈಗಲೂ ರೈತರು ಬೆಂಕಿಪೊಟ್ಟಣ ಹಿಡಿದು ನನ್ನ ಸ್ಟುಡಿಯೋಕ್ಕೆ ಬರುತ್ತಾರೆ. ತೆಗೆದು ತೋರಿಸುತ್ತೇನೆ. ಗೊತ್ತಿದ್ದರೆ ಹೇಳುತ್ತೇನೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ. ಸಣ್ಣದರ ಲೆನ್ಸು ಕೊಳ್ಳುವ ಶಕ್ತಿ ಈಗ ಬಂದಿದೆ, ಕೊಂಡಿಲ್ಲ.

ನನ್ನ ಹತ್ತಿರ ಈಗ ಇರುವುದು ಇಷ್ಟು: ಸ್ವಂತ ಮಳಿಗೆ ಒಂದು. ಕ್ಯಾಮೆರಾ ಎರಡು. ಹಲ್ಲು ಮುರಿದ ಲೆನ್ಸು ಒಂದು. ಎಣ್ಣಿ ಡಬ್ಬಿಯ ಮುಚ್ಚಳದ ಉಂಗುರ ಒಂದು. ಊದುವ ಬುಡ್ಡಿ ಒಂದು. ಕಣ್ಣು ಎರಡು, ಎರಡೂ ಕಾಣಿಸುತ್ತವೆ.