ಚಿಕ್ಕಮ್ಮನ ಕಿಟಕಿಯ ಸಾವ್ಕಾರ

ಆಗಿನ್ನೂ ಬೇಸಿಗೆ ರಜೆ ಬಂದರೆ ನಮ್ಮನ್ನು ಯಾವ ಕ್ಲಾಸಿಗೂ ಕಳಿಸುತ್ತಿರಲಿಲ್ಲ. ಬೆಳಗ್ಗೆ ತಿಂಡಿ ತಿಂದು ಹೊರಗೆ ಬಿದ್ದರೆ ಹಸಿವಾದಾಗ ಮಾತ್ರ ಮನೆಯ ನೆನಪು. ಜೋಗುಪಾಳ್ಯದ ನಮ್ಮ ಓಣಿಯಲ್ಲಿ ಎರಡು ಆಟೋ ಎದುರಾದರೆ ಒಂದು ಹಿಂದೆ ಸರಿಯಲೇಬೇಕು. ಅಷ್ಟೇ ಜಾಗದಲ್ಲಿ ನಮ್ಮ ಕ್ರಿಕೆಟ್ಟು, ಲಗೋರಿ, ಕುಂಟೆಬಿಲ್ಲೆ ಎಲ್ಲವೂ ನಡೆಯುತ್ತಿದ್ದವು. ಕನ್ನಡದಲ್ಲಿ ಶುರುವಾದ ಜಗಳ ತಮಿಳಿಗೆ ಹೊರಳಿ ಉರ್ದು ಬೈಗುಳದಲ್ಲಿ ಮುಗಿಯುತ್ತಿತ್ತು. ಮೂಲೆಯ ಅಂಗಡಿಯ ಬಿಸಿ ಕಡಲೆಕಾಯಿಯ ಘಮ, ಯಾರದೋ ಅಡುಗೆಮನೆಯ ಒಣಮೀನಿನ ಘಾಟು, ಮಹಡಿಯ ಮೇಲೆ ಒಣಗುವ ಸಂಡಿಗೆಯ ಹುಳಿವಾಸನೆ. ಕಣ್ಣು ಮುಚ್ಚಿದರೂ ಯಾರ ಮನೆಯ ಮುಂದೆ ಇದ್ದೇನೆಂದು ಹೇಳಬಲ್ಲವಳಾಗಿದ್ದೆ.

ನನಗೆ ಹತ್ತು ತುಂಬಿದ ವರ್ಷ ಮಾತ್ರ ಆ ಗಲಾಟೆ ನಮ್ಮ ಗೇಟಿನಿಂದ ಒಳಗೆ ಬರಕೂಡದೆಂದು ಅಜ್ಜಿಯ ಅಪ್ಪಣೆಯಾಗಿತ್ತು. ಚಿಕ್ಕಮ್ಮ ಹಾಸಿಗೆ ಹಿಡಿದಿದ್ದಳು. ಕಾಯಿಲೆಯೇನಲ್ಲ, ಬಸುರಿ. ಅದಕ್ಕೂ ಮುಂಚೆ ಎರಡು ಸಲ ಬಸಿರು ನಿಂತಿರಲಿಲ್ಲವಾದ್ದರಿಂದ, ಈ ಸಲ ಮಂಚ ಬಿಟ್ಟು ಇಳಿಯಲೇಬಾರದು ಎಂದು ಡಾಕ್ಟರು ಹೇಳಿದ್ದರು.

ಚಿಕ್ಕಮ್ಮ ಗದಗದ ಕಡೆಯವಳು. ಇಂದಿರಾನಗರದ ಆಫೀಸೊಂದರಲ್ಲಿ ಕೆಲಸಕ್ಕಿದ್ದಾಗ ಚಿಕ್ಕಪ್ಪನ ಪರಿಚಯವಾಗಿ, ಮನೆಯವರನ್ನು ಒಪ್ಪಿಸಿ ಮದುವೆಯಾದವಳು. ನಮ್ಮದೋ, ಊರು ಇನ್ನೂ ಊರಾಗಿದ್ದಾಗಿನಿಂದ ಇಲ್ಲೇ ರಾಗಿ ಬೆಳೆದುಕೊಂಡಿದ್ದ ಕುಟುಂಬ. ಹೊಲಗಳೆಲ್ಲ ರಸ್ತೆಗಳಾಗಿ, ಉಳಿದದ್ದು ಈ ಮನೆ ಮತ್ತು ಕೆ.ಆರ್. ಪುರದಾಚೆ ಒಂದಿಷ್ಟು ಮಾವಿನ ತೋಟ. ಅಜ್ಜಿಗೆ ಚಿಕ್ಕಮ್ಮನ ಮೇಲೆ ಸಿಟ್ಟಿರಲಿಲ್ಲ; ಆದರೆ ಅವಳ ಮಾತು, ಅವಳು ಬಡಿಯುವ ರೊಟ್ಟಿ, ಅವಳ ಜೋರು ನಗು ಯಾವುದೂ ನಮ್ಮದಲ್ಲ ಎನ್ನುವಂತೆ ಸ್ವಲ್ಪ ದೂರದಲ್ಲೇ ಇರುತ್ತಿದ್ದರು. ಆ ನಗು ಕೇಳದೆ ಆಗಲೇ ಬಹಳ ದಿನವಾಗಿತ್ತು.

ಒಂದು ಭಾನುವಾರ ಮಾವಿನಕಾಯಿ ಕೀಳಲು ಅಪ್ಪನ ಜೊತೆ ತೋಟಕ್ಕೆ ಹೋಗಿದ್ದೆ. ಪಕ್ಕದ ಜಮೀನಿನಲ್ಲಿ ಜೆಸಿಬಿ ಬಂದು ಬೇಲಿಯನ್ನೆಲ್ಲ ಕಿತ್ತು ರಾಶಿ ಹಾಕಿತ್ತು. ಬಿಸಿಲಿಗೆ ಬಾಡುತ್ತಿದ್ದ ಲಂಟಾನದ ವಾಸನೆ ಮೂಗಿಗೆ ಅಡರುತ್ತಿತ್ತು. ಆ ರಾಶಿಯ ತುದಿಯಲ್ಲಿ ಒಂದು ಎಲೆ ನನ್ನನ್ನು ನೋಡಿತು. ಹತ್ತಿರ ಹೋದೆ. ನನ್ನ ಕಿರುಬೆರಳಿನಷ್ಟು ಉದ್ದದ ಮೈ, ಅಷ್ಟೇ ಉದ್ದದ ಬಾಲ ಸುರುಳಿ ಸುತ್ತಿಕೊಂಡಿತ್ತು. ಒಂದು ಕಣ್ಣು ನನ್ನ ಕಡೆ, ಇನ್ನೊಂದು ಜೆಸಿಬಿಯ ಕಡೆ.

"ಅಪ್ಪಾ, ಓತಿಕ್ಯಾತ!"

"ಓತಿಕ್ಯಾತ ಅಲ್ಲ ಕಣೇ, ಗೋಸುಂಬೆ. ಮರಿ," ಎಂದರು ಅಪ್ಪ. "ಮುಟ್ಬೇಡ."

ಅಷ್ಟರಲ್ಲಿ ಜೆಸಿಬಿ ಮತ್ತೆ ಗುಡುಗಿತು. ನಾನು ಕೊಂಬೆಯ ಸಮೇತ ಅದನ್ನು ಎತ್ತಿಕೊಂಡೆ. ಅಪ್ಪ ಆ ರಾಶಿಯನ್ನು ನೋಡಿದರು, ನನ್ನ ಮುಖ ನೋಡಿದರು. "ಎರಡು ದಿನ, ಅಷ್ಟೇ. ಆಮೇಲೆ ಬಿಟ್ಬಿಡ್ಬೇಕು," ಎಂದು ಮಾವಿನಕಾಯಿಯ ಬುಟ್ಟಿಯಲ್ಲಿ ಜಾಗ ಮಾಡಿದರು.

ಮನೆಯ ಬಾಗಿಲಲ್ಲೇ ಅಜ್ಜಿ ತಡೆದರು. "ಬಸುರಿ ಹೆಂಗಸು ಮಲಗಿರೋ ಮನೆಗೆ ಇದನ್ನ ತರ್ತಾರೇನೇ? ಬಣ್ಣ ಬದಲಾಯಿಸೋ ಪ್ರಾಣಿ. ಮೊದ್ಲು ಹೊರಗೆ ಬಿಸಾಕು!"

ಒಳಗಿನಿಂದ ಚಿಕ್ಕಮ್ಮನ ದನಿ ಬಂತು. "ಏನವಾ ಅದು? ಇಲ್ಲಿ ತಾ, ನೋಡೂಣು."

"ನೀನು ನೋಡ್ಬೇಡಮ್ಮ," ಅಂದರು ಅಜ್ಜಿ.

"ಅತ್ತೀ," ಚಿಕ್ಕಮ್ಮನ ದನಿ ಏರಲಿಲ್ಲ. "ಹಿಂದ ಎರಡ್ ಸಲ ಹೋದಾಗ ಮನ್ಯಾಗ ಯಾ ಹುಳಾನೂ ಇರಲಿಲ್ಲ. ಪಾಪ, ಇದಕ್ಯಾಕ ಬೈತೀರಿ?"

ಅಜ್ಜಿ ಸೆರಗು ಸರಿಮಾಡಿಕೊಂಡು ದೇವರ ಕೋಣೆಗೆ ಹೋಗಿಬಿಟ್ಟರು. ನಾನು ಕೊಂಬೆ ಹಿಡಿದು ಚಿಕ್ಕಮ್ಮನ ಕೋಣೆಗೆ ನಡೆದೆ.

ಅವಳ ಮಂಚದ ಪಕ್ಕದ ಕಿಟಕಿಗೆ ಸೊಳ್ಳೆಯ ಜಾಲರಿ ಇತ್ತು. ಕಿಟಕಿಯ ಒಳಗಿನ ಅಗಲ ಕಟ್ಟೆಯ ಮೇಲೆ ದಾಸವಾಳದ ಕುಂಡ ಇಟ್ಟು, ಅದರಲ್ಲಿ ಸೀಬೆಯ ಒಣಕೊಂಬೆಯೊಂದನ್ನು ನೆಟ್ಟೆವು. ಮರಿ ಆ ಕೊಂಬೆ ಹತ್ತಿತು. ಒಂದು ಕಾಲೆತ್ತಿ, ಹಿಂದೆ ಮುಂದೆ ತೂಗಿ, ಇಡಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಇಡುತ್ತಿತ್ತು.

"ಎಷ್ಟ್ ಸಾವಕಾಶ ನಡೀತೈತಿ ನೋಡು," ಎಂದಳು ಚಿಕ್ಕಮ್ಮ. "ಹಿಂಗ ನಡಿಯಾಂವ ಸಾವ್ಕಾರನ ಇರಬೇಕು." ಅಂದಿನಿಂದ ಅದರ ಹೆಸರು ಸಾವ್ಕಾರ.

ಸಾವ್ಕಾರನನ್ನು ಸಾಕುವುದು ಹೇಗೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಅನ್ನದ ಅಗುಳು ಇಟ್ಟೆ, ಟೊಮೇಟೊ ಇಟ್ಟೆ, ಬಿಸ್ಕತ್ತನ್ನು ಹಾಲಿನಲ್ಲಿ ನೆನೆಸಿ ಇಟ್ಟೆ. ಅವನು ಒಂದು ಕಣ್ಣಿನಿಂದ ಅದನ್ನೂ ಇನ್ನೊಂದರಿಂದ ನನ್ನನ್ನೂ ನೋಡಿ ಸುಮ್ಮನಾಗುತ್ತಿದ್ದ. ಕೈಯಲ್ಲಿ ಎತ್ತಿಕೊಳ್ಳಹೋದರೆ ಮೈ ಉಬ್ಬಿಸಿ, ಬಾಯಿ ತೆರೆದು ಬುಸ್ಸೆನ್ನುತ್ತಿದ್ದ. ಹಸಿರೆಲ್ಲ ಹೋಗಿ ಮೈತುಂಬ ಕಪ್ಪು ಚುಕ್ಕೆ. "ಮುಟ್ಟಬ್ಯಾಡವಾ, ಅವಂಗ ಸೇರಂಗಿಲ್ಲ," ಎಂದು ಚಿಕ್ಕಮ್ಮ ಮಲಗಿದಲ್ಲಿಂದಲೇ ಕಾನೂನು ಮಾಡಿದಳು. ಇದಕ್ಕೆ ಜೀವಂತ ಹುಳ ಬೇಕೆಂದು ಚಿಕ್ಕಪ್ಪ ಸೈಬರ್ ಸೆಂಟರಿನಲ್ಲಿ ನೋಡಿಕೊಂಡು ಬಂದರು. ಹಲಸೂರು ಕೆರೆಯ ಕಡೆಯ ಖಾಲಿ ಸೈಟಿನ ಹುಲ್ಲಿನಲ್ಲಿ ಮೊಣಕಾಲೂರಿ ನಾನು ಪುಟ್ಟ ಮಿಡತೆಗಳನ್ನು ಹಿಡಿದೆ. ಕೈಯೆಲ್ಲ ಹುಲ್ಲಿನ ವಾಸನೆ, ಕಾಲೆಲ್ಲ ತುರಿಕೆ. ತಂದು ಕೊಂಬೆಯ ಮೇಲೆ ಬಿಟ್ಟರೆ ಸಾವ್ಕಾರ ಅವನ್ನೂ ನೋಡಲಿಲ್ಲ. ಅವನ ಕಣ್ಣಿನ ಗುಬುಟು ದಿನೇದಿನೇ ಒಳಕ್ಕೆ ಇಳಿಯುತ್ತಿತ್ತು.

ಆಗಲೇ ಅಜ್ಜಿ ಹಿತ್ತಿಲ ಗೋಡೆಯ ಬಳಿ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "ಅದು ಹೊರಗೆ ಎಲ್ಲಾದ್ರೂ ಸಾಯ್ಲಿ. ಈ ಮನೆ ಒಳಗೆ, ಅವಳ ಕಣ್ಮುಂದೆ ಸತ್ರೆ ಮಾತ್ರ ಒಳ್ಳೇದಲ್ಲ. ಈ ಸಲಾನೂ..."

ಹತ್ತು ವರ್ಷದ ತಲೆಯಲ್ಲಿ ಆ ಮಾತು ಹೇಗೆ ಬೇರೂರುತ್ತದೆಂದು ದೊಡ್ಡವರಿಗೆ ತಿಳಿಯುವುದಿಲ್ಲ. ಅಲ್ಲಿಂದಾಚೆ ನಾನು ಬೆಳಗ್ಗೆ ಎದ್ದವಳೇ ಮೊದಲು ಓಡುತ್ತಿದ್ದುದು ಕಿಟಕಿಗೆ. ಕಣ್ಣು ಅಲ್ಲಾಡಿತೋ, ಉಸಿರು ಬಿಡಬಹುದು. ಓಣಿಯಿಂದ ಗೆಳತಿಯರು ಕೂಗಿದರೆ ಹೋಗುತ್ತಿರಲಿಲ್ಲ. ಬಟ್ಟಲಿನ ನೀರನ್ನು ಅವನ ಮೂತಿಗೆ ಹಿಡಿದು ಬೇಡಿಕೊಳ್ಳುತ್ತಿದ್ದೆ. ಅವನು ಮುಖ ತಿರುಗಿಸುತ್ತಿದ್ದ.

ದಾರಿ ಕಂಡುಹಿಡಿದವಳು ಚಿಕ್ಕಮ್ಮ. ಇಡೀ ದಿನ ಅವನನ್ನೇ ನೋಡುತ್ತ ಮಲಗಿರುತ್ತಿದ್ದವಳು ಅವಳೊಬ್ಬಳೇ ತಾನೆ. ಒಂದು ಬೆಳಗ್ಗೆ ಅಮ್ಮ ದಾಸವಾಳಕ್ಕೆ ನೀರು ಚಿಮುಕಿಸಿ ಹೋಗಿದ್ದಳು. ನಾನು ಹಲ್ಲುಜ್ಜುತ್ತಿದ್ದೆ. ಕೋಣೆಯಿಂದ ಪಿಸುದನಿಯ ಕೂಗು. "ಬಾ ಬಾ, ಲಗೂನ ಬಾ. ಸಪ್ಪಳ ಮಾಡಬ್ಯಾಡ."

ಸಾವ್ಕಾರ ಎಲೆಯೊಂದರ ತುದಿಗೆ ಬಾಯಿ ಹಚ್ಚಿದ್ದ. ತುದಿಯಲ್ಲಿ ಜೋತಿದ್ದ ಹನಿ ಮಾಯವಾಯಿತು. ತೂಗಿ ತೂಗಿ ಮುಂದಿನ ಎಲೆಗೆ ಹೋದ. ಆ ಹನಿಯೂ ಮಾಯ. ಗಂಟಲು ಏರಿಳಿಯುತ್ತಿತ್ತು.

"ಬಟ್ಟಲದಾಗಿನ ನೀರು ಅವಂಗ ನೀರ ಅಲ್ಲ ನೋಡವಾ," ಎಂದಳು ಚಿಕ್ಕಮ್ಮ. ಅವಳ ಕಣ್ಣು ತುಂಬಿತ್ತು. "ಎಲಿ ಮ್ಯಾಲಿಂದ ಹನಿ ಬಿದ್ರ ಅಷ್ಟ ಕುಡೀತಾನ."

ಇಸ್ತ್ರಿ ಮಾಡುವಾಗ ನೀರು ಹೊಡೆಯುವ ಬಾಟಲಿ ಅಂದಿನಿಂದ ಸಾವ್ಕಾರನದಾಯಿತು. ಬೆಳಗ್ಗೆ ಸಂಜೆ ಎಲೆಗಳ ಮೇಲೆ ಮಳೆ. ಕಣ್ಣು ಮತ್ತೆ ಉಬ್ಬಿತು. ಒಂದು ಮಧ್ಯಾಹ್ನ ಎರಡು ಕಣ್ಣೂ ಮೊದಲ ಸಲ ಒಂದೇ ಕಡೆ ತಿರುಗಿದವು. ಮೈಯಷ್ಟೇ ಉದ್ದದ ನಾಲಿಗೆ ಹೊರಬಂದು ಒಳಹೋದದ್ದು ನಮಗೆ ಕಾಣಲಿಲ್ಲ, ಮಿಡತೆ ಇದ್ದ ಜಾಗ ಖಾಲಿಯಾದದ್ದಷ್ಟೇ ಕಂಡಿತು. ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯ, ನಗಸಬ್ಯಾಡವಾ, ನಗಬಾರದು ಅಂದಾರ," ಎನ್ನುತ್ತಲೇ ನಕ್ಕಳು. ಅಡುಗೆಮನೆಯಲ್ಲಿ ಅಮ್ಮನ ಕೈ ನಿಂತಿತು. ಅಜ್ಜಿ ಬಾಗಿಲವರೆಗೆ ಬಂದು ಇಣುಕಿದರು.

ಮಾರನೆಯ ದಿನ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ, ದಂಟಿನ ಕಟ್ಟಿನಲ್ಲಿ ಸಿಕ್ಕ ಹಸಿರು ಹುಳವನ್ನು ಕಾಗದದಲ್ಲಿ ಮಡಿಸಿ ನನಗೆ ಕೊಟ್ಟರು. "ತಗೋ. ನಿಮ್ಮ ಸಾವ್ಕಾರ್ರಿಗೆ," ಎಂದರು, ಬೇರೆಲ್ಲೋ ನೋಡುತ್ತ.

ಆ ಬೇಸಿಗೆಯ ಉಳಿದ ದಿನಗಳನ್ನು ನಾನು ಬೇರೆ ಬೇರೆಯಾಗಿ ನೆನೆಯಲಾರೆ. ಉಪ್ಪುಕಾರ ಹಚ್ಚಿದ ಮಾವಿನಕಾಯಿ ಚೀಪುತ್ತ, ಚಿಕ್ಕಮ್ಮನ ಕಾಲ ಬುಡದಲ್ಲಿ ಕೂತು, ಇಬ್ಬರೂ ಅವನನ್ನು ನೋಡುವುದು. ನಡುನಡುವೆ ಮಾತು. ಗದಗದಲ್ಲಿ ಅವಳು ಸೈಕಲ್ ಕಲಿತದ್ದು, ನನ್ನ ಕ್ಲಾಸಿನ ಜಗಳ, ಹುಟ್ಟುವ ಮಗುವಿನ ಹೆಸರು. ಮುಸ್ಸಂಜೆಗೆ ಸಾವ್ಕಾರ ಕೊಂಬೆಯ ತುದಿಗೆ ಹೋಗಿ, ಬಾಲ ಸುತ್ತಿಕೊಂಡು, ಬಣ್ಣವೆಲ್ಲ ಕಳಚಿ ಬೆಳ್ಳಗಾಗಿ ಮಲಗುತ್ತಿದ್ದ. ಆಗ ನಾವೂ ದನಿ ಇಳಿಸುತ್ತಿದ್ದೆವು. ಅಪ್ಪ ಹೇಳಿದ್ದ ಎರಡು ದಿನವನ್ನು ಎಲ್ಲರೂ ಮರೆತಿದ್ದರು.

ಎಂಟು ತಿಂಗಳು ತುಂಬುವ ಮೊದಲೇ ಒಂದು ಮಧ್ಯಾಹ್ನ ಚಿಕ್ಕಮ್ಮನಿಗೆ ನೋವು ಬಂತು. ಅಪ್ಪ, ಅಮ್ಮ, ಚಿಕ್ಕಪ್ಪ ಮೂವರೂ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಮನೆಯಲ್ಲಿ ನಾನು, ಅಜ್ಜಿ. ಆ ಗಡಿಬಿಡಿಗೆ ಹೆದರಿದ ಸಾವ್ಕಾರ ಕೊಂಬೆಯ ಬುಡಕ್ಕಿಳಿದು, ಇದ್ದಿಲಿನಂತೆ ಕಪ್ಪಾಗಿ, ಕಣ್ಣು ಮುಚ್ಚಿಕೊಂಡಿದ್ದ. ಹಗಲು ಹೊತ್ತಿನಲ್ಲಿ ಅವನು ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಜೋರಾಗಿ ಅಳತೊಡಗಿದೆ.

"ಏನಾಯ್ತೇ?" ಎಂದು ಅಜ್ಜಿ ಓಡಿಬಂದರು.

"ಇವನು ಸಾಯ್ತಾ ಇದಾನೆ ಅಜ್ಜಿ. ಇವನು ಸತ್ರೆ ಪಾಪೂನೂ ಸತ್ತೋಗತ್ತೆ. ನೀವೇ ಹೇಳಿದ್ರಿ."

ಅಜ್ಜಿ ಗೋಡೆಗೆ ಕೈಯೂರಿ ನಿಂತುಬಿಟ್ಟರು. ಅವರ ಮುಖ ಹಾಗಾದದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನಿಧಾನವಾಗಿ ಮಂಚದ ಮೇಲೆ ಕೂತು ನನ್ನನ್ನು ಎಳೆದುಕೊಂಡರು.

"ಅದಕ್ಕೂ ಇದಕ್ಕೂ ಏನೂ ಇಲ್ಲ ಕಣೋ ಕಂದ. ನಂಗೆ ಭಯ. ಭಯಕ್ಕೆ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ." ನನ್ನ ಕಣ್ಣೊರೆಸುತ್ತ, "ನಿಮ್ಮಪ್ಪನಿಗಿಂತ ಮುಂಚೆ ನಂಗೂ ಒಂದು ಹೋಗಿತ್ತು. ಅವಾಗ ನಮ್ಮತ್ತೆ ನಾನು ಅದು ನೋಡ್ದೆ, ಇದು ತುಳಿದೆ ಅಂತ ಏನೇನೋ ಅಂದಿದ್ರು," ಎಂದರು.

ಆಮೇಲೆ ಅಜ್ಜಿಯೇ ಎದ್ದು ಬಾಟಲಿ ತೆಗೆದುಕೊಂಡು ದಾಸವಾಳದ ಮೇಲೆ ನೀರು ಹೊಡೆದರು. ಹೊಡೆಯಲು ಬಾರದೆ ಅರ್ಧ ನೀರು ಅವರ ಸೀರೆಯ ಮೇಲೇ ಬಿತ್ತು. ನಾವಿಬ್ಬರೂ ಕಾದೆವು. ಹೊರಗೆ ಲಗೋರಿಯ ಕಲ್ಲು ಬಿದ್ದ ಸದ್ದು. ಕೊನೆಗೆ ಆ ಕಣ್ಣಿನ ನಡುವೆ ಸಣ್ಣ ಕಿಂಡಿ ತೆರೆಯಿತು. ಅದು ಮೇಲೆ ನೋಡಿತು, ಕೆಳಗೆ ನೋಡಿತು, ಅಜ್ಜಿಯನ್ನು ನೋಡಿತು. ಅಜ್ಜಿ ಕೈ ಮುಗಿದರು.

ಸಂಜೆಗೆ ಚಿಕ್ಕಪ್ಪನ ಫೋನ್ ಬಂತು. ಹೆಣ್ಣು ಮಗು. ತುಂಬ ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಆದರೆ ಜೋರಾಗಿ ಅತ್ತಿತಂತೆ.

ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಚಿಕ್ಕಮ್ಮ ಮೊದಲು ಕೇಳಿದ್ದು, "ಸಾವ್ಕಾರ ಹೆಂಗದಾನ?" ಎಂದು. ಚೆನ್ನಾಗಿದ್ದಾನೆ, ಆದರೆ ಈಗೀಗ ಇಡೀ ದಿನ ಜಾಲರಿಗೆ ಅಂಟಿಕೊಂಡು ಹೊರಗೇ ನೋಡುತ್ತಾನೆ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಬಿಟ್ಟ ಬಂದುಬಿಡವಾ ಅವನ್ನ. ನಾ ಮನಿಗೆ ಬರೂತನಕ ಕಾಯಬ್ಯಾಡ. ಮಳಿ ಹಿಡಿಯೂದ್ರಾಗ ಅವಂಗ ಒಂದು ಗಿಡ ಸಿಗಲಿ."

"ನೀನು ನೋಡದೇನೆ?"

"ನಾ ನೋಡೀನಲ್ಲ. ಬ್ಯಾಸಗಿ ತುಂಬ ಅವನ್ನ ನೋಡೀನಲ್ಲ."

ಇಂಥ ಕಾಡುಜೀವಗಳನ್ನು ಮನೆಯಲ್ಲಿ ಸಾಕುವುದಕ್ಕೆ ಕಾನೂನಿನ ಅಡ್ಡಿಯಿದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಂದು ತಿಳಿದದ್ದು ಚಿಕ್ಕಮ್ಮ ಹೇಳಿದಷ್ಟೇ. ಮುಂದಿನ ಭಾನುವಾರ ಅಪ್ಪನೊಂದಿಗೆ ತೋಟಕ್ಕೆ ಹೊರಟಾಗ ಅಜ್ಜಿಯೂ ಸೀರೆ ಬದಲಿಸಿಕೊಂಡು ಬಂದರು. ನಮ್ಮ ಕಡೆಯ ಬೇಲಿ, ಅದರ ಒತ್ತಿನ ಹೊಂಗೆಮರ ಹಾಗೇ ಇದ್ದವು. ಕೊಂಬೆಗೆ ಕೊಂಬೆ ತಾಗಿಸಿ ಹಿಡಿದೆ. ಸಾವ್ಕಾರ ಒಂದು ಕಾಲೆತ್ತಿದ, ತೂಗಿದ, ಯೋಚಿಸಿದ. ಬಂದಾಗಿನದಕ್ಕೆ ಅವನು ಎರಡರಷ್ಟು ಬೆಳೆದಿದ್ದ. ಹೊಂಗೆಯ ಹೊಸ ಎಲೆಗಳ ನಡುವೆ ಹೋದವನು ಸ್ವಲ್ಪ ಹೊತ್ತು ಕಾಣುತ್ತಿದ್ದ, ಆಮೇಲೆ ಕಾಣಲಿಲ್ಲ. ಎಲ್ಲೂ ಹೋಗಿರಲಿಲ್ಲ, ಅಲ್ಲೇ ಇದ್ದ. ನಮಗೆ ಕಾಣುತ್ತಿರಲಿಲ್ಲ, ಅಷ್ಟೆ. "ಬಾ, ಬಿಸಿಲು," ಎಂದು ಅಜ್ಜಿ ನನ್ನ ತಲೆಯ ಮೇಲೆ ಸೆರಗು ಹಾಕಿದರು.

ಆ ಮಗು ಉಳಿಯಿತು. ಈಗ ಕಾಲೇಜಿಗೆ ಹೋಗುತ್ತಾಳೆ, ನನಗಿಂತ ಎತ್ತರ ಇದ್ದಾಳಂತೆ. ಅಂತೆ ಎನ್ನುತ್ತಿದ್ದೇನೆ, ಅವಳನ್ನು ನೋಡಿ ವರ್ಷಗಳಾದವು. ಅಜ್ಜಿ ತೀರಿಕೊಂಡ ಮೇಲೆ ತೋಟ ಮಾರುವ ಮಾತು ಬಂತು. ಆ ಮಾತಿನಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಕೆಟ್ಟಿತು. ಚಿಕ್ಕಪ್ಪನವರು ಬೇರೆ ಮನೆ ಮಾಡಿಕೊಂಡು ಹೋದರು. ತೋಟ ಇದ್ದ ಕಡೆ ಈಗ ಎತ್ತರದ ಕಾಂಪೌಂಡಿನ ಒಳಗೆ ಸಾಲು ಸಾಲು ಅಪಾರ್ಟ್‌ಮೆಂಟು. ಹೊಂಗೆಯಿಲ್ಲ, ಬೇಲಿಯಿಲ್ಲ, ಲಂಟಾನದ ವಾಸನೆಯೂ ಇಲ್ಲ. ಅಲ್ಲಿದ್ದ ಜೀವಗಳು ಎತ್ತ ಹೋದವೋ ಯಾರೂ ಕೇಳಿದವರಿಲ್ಲ, ನಾವೂ ಕೇಳಲಿಲ್ಲ.

ಹೋದ ವರ್ಷ ಇಂದಿರಾನಗರದ ಮದುವೆಮನೆಯೊಂದರಲ್ಲಿ ಚಿಕ್ಕಮ್ಮ ಎದುರಾದಳು. ತಲೆ ಅರ್ಧ ನರೆತಿತ್ತು. ಮಗಳು ಜೊತೆಗೆ ಬಂದಿರಲಿಲ್ಲ. ಆ ಕಡೆ ಸಾಲಿನಲ್ಲಿ ಅವಳ ಮನೆಯವರು, ಈ ಕಡೆ ಸಾಲಿನಲ್ಲಿ ನಮ್ಮ ಮನೆಯವರು. ನಡುವೆ ನಾವಿಬ್ಬರು. ಅವಳು ನನ್ನ ಮುಂಗೈ ಹಿಡಿದುಕೊಂಡಳು, ಹಿಡಿದೇ ಇದ್ದಳು.

"ಊಟ ಆತೇನವಾ?"

"ಆಯ್ತು ಚಿಕ್ಕಮ್ಮ."

ಒಂದು ಬೇಸಿಗೆಯಿಡೀ ಮಾತಾಡಿಯೂ ಮುಗಿಯದಿದ್ದ ನಾವು ಅಂದು ಆಡಿದ್ದು ಇಷ್ಟೇ.